ಅಕ್ಕನ ಆಮ್‌ಸ್ಟರ್‌ಡ್ಯಾಮ್, ಅಜ್ಜಿಯ ನಾಲೆ

1/7
ಮೊದಲ ಫೋಟೋ ನಾನು ತೆಗೆದಿದ್ದಲ್ಲ, ಅಕ್ಕ ಕಳಿಸಿದ್ದು. ಅಕ್ಕ ಭಾವ ಇಬ್ಬರೂ ಆಮ್‌ಸ್ಟರ್‌ಡ್ಯಾಮ್‌ಗೆ ಹೋಗಿ ಗಾಜಿನ ಛಾವಣಿಯ ದೋಣೀಲಿ ಕೂತು ಊರೆಲ್ಲಾ ಸುತ್ತಿದ್ರು. ಎರಡು ಕಡೆ ಇಕ್ಕಟ್ಟಾದ ಎತ್ತರದ ಮನೆಗಳು, ಮಧ್ಯೆ ನೀರು, ಮೇಲೆ ಕಮಾನು ಸೇತುವೆ. ಫ್ಯಾಮಿಲಿ ಗ್ರೂಪಲ್ಲಿ ಎಲ್ಲರೂ ಹಾರ್ಟ್ ಹಾಕಿದ್ದೇ ಹಾಕಿದ್ದು. ನಾನು ಫೋನ್ ತಗೊಂಡೋಗಿ ಅಜ್ಜಿಗೆ ತೋರಿಸಿದೆ. ಅಜ್ಜಿ ಒಂದೊಂದೇ ಫೋಟೋ ನೋಡಿ, "ಇಷ್ಟೊಂದ್ ನೀರೈತೆ, ಒಂದ್ ಗದ್ದೆನೂ ಕಾಣಾಕಿಲ್ವಲ್ಲ ಮಗ?" ಅಂದ್ರು.

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಯೋಚನೆ ಮಾಡಿದ್ರೆ ಪ್ರಶ್ನೆ ಸರಿಯಾಗೇ ಇದೆ. ಅಷ್ಟು ನಾಲೆ ತೋಡಿದ್ದು ಯಾತಕ್ಕೆ? ಅದನ್ನ ಹುಡುಕ್ತಾ ಹೋದಾಗ ಸಿಕ್ಕಿದ್ದನ್ನ ಈ ಸೀರೀಸಲ್ಲಿ ಹಾಕ್ತಿದ್ದೀನಿ. ಉದ್ದ ಇದೆ, ನಿಧಾನಕ್ಕೆ ಸ್ವೈಪ್ ಮಾಡಿ.

2/7
ಆಮ್‌ಸ್ಟರ್‌ಡ್ಯಾಮ್‌ನ ಹೆಸರಾಂತ ನಾಲೆಗಳನ್ನ ತೋಡೋಕೆ ಶುರು ಮಾಡಿದ್ದು 1613ರಲ್ಲಿ. ಒಂದರ ಹೆಸರು ಸಾಹುಕಾರರ ನಾಲೆ, ಇನ್ನೊಂದು ಚಕ್ರವರ್ತಿಯ ನಾಲೆ, ಮತ್ತೊಂದು ರಾಜಕುಮಾರನ ನಾಲೆ. ಹೆಸರು ಕೇಳಿದ್ರೇ ಅಲ್ಲಿ ಯಾರು ಮನೆ ಕಟ್ಟಿದ್ರು ಅಂತ ಅರ್ಥ ಆಗುತ್ತೆ. ಆ ನೆಲ ಜೌಗು. ನೀರು ಹೊರಗೆ ಹೋಗಬೇಕು, ಸರಕು ಒಳಗೆ ಬರಬೇಕು, ಎರಡಕ್ಕೂ ಅದೇ ನಾಲೆ. ಕೊಳಚೆ ಹೋಗ್ತಿದ್ದದ್ದೂ ಅದರಲ್ಲೇ. ಫೋಟೋದಲ್ಲಿ ಮನೆಗಳ ತುದಿ ನೋಡಿ, ಒಂದು ಕೊಕ್ಕೆ ಇರುತ್ತೆ. ದೋಣಿಯಿಂದ ಮೂಟೆಯನ್ನ ಹಗ್ಗ ಕಟ್ಟಿ ಅಟ್ಟಕ್ಕೆ ಎಳೆಯೋಕೆ. ಮನೆಗಳು ನಿಂತಿರೋದು ಮಣ್ಣಲ್ಲಿ ಹೂತ ಮರದ ಕಂಬಗಳ ಮೇಲೆ. ಅಲ್ಲಿನ ಅರಮನೆ ಒಂದರ ಕೆಳಗೇ 13,659 ಕಂಬಗಳಿವೆಯಂತೆ.

ಬಿಕಾಂ ಗೆಳೆಯರೇ, ಇದು ನಮಗೆ. ಡಚ್ ಈಸ್ಟ್ ಇಂಡಿಯಾ ಕಂಪನಿ ಶುರುವಾಗಿದ್ದು 1602ರಲ್ಲಿ. ಸಾಮಾನ್ಯ ಜನಕ್ಕೆ ಷೇರು ಮಾರಿ ಬಂಡವಾಳ ಎತ್ತಿದ ಮೊದಲ ದೊಡ್ಡ ಕಂಪನಿ. ಷೇರು ಕೈಬದಲಾಗ್ತಿದ್ದ ಊರು ಇದೇ ಆಮ್‌ಸ್ಟರ್‌ಡ್ಯಾಮ್. ನಮ್ಮ ಪುಸ್ತಕದಲ್ಲಿ 'ಷೇರು ಬಂಡವಾಳ' ಅಂತ ಒಣಗಿದ ಚಾಪ್ಟರ್ ಇದೆಯಲ್ಲ, ಅದರ ತವರು ಮನೆ ಈ ನಾಲೆ ದಂಡೆ.

ಆ ದುಡ್ಡಿನ ಇನ್ನೊಂದು ಮುಖ ದೋಣಿಯಿಂದ ಕಾಣಲ್ಲ. ಜಾಯಿಕಾಯಿ ವ್ಯಾಪಾರ ಪೂರ್ತಿ ತಮ್ಮ ಕೈಗೇ ಬರಲಿ ಅಂತ ಅದೇ ಕಂಪನಿ 1621ರಲ್ಲಿ ಇಂಡೋನೇಷ್ಯಾ ಕಡೆಯ ಬಂದಾ ದ್ವೀಪದ ಜನರನ್ನ ಹೆಚ್ಚುಕಮ್ಮಿ ಇಲ್ಲವೆನ್ನಿಸಿತು. ಗುಲಾಮರ ವ್ಯಾಪಾರದಲ್ಲಿ ನಗರಕ್ಕಿದ್ದ ಪಾಲಿಗೆ ಅಲ್ಲಿನ ಮೇಯರ್ 2021ರ ಜುಲೈ 1ರಂದು ಕ್ಷಮೆ ಕೇಳಿದರು. ನಾಲೆ ಸುತ್ತಲಿನ ಜಾಗಕ್ಕೆ ಯುನೆಸ್ಕೋ ಪಟ್ಟ ಸಿಕ್ಕಿದ್ದು 2010ರಲ್ಲಿ. ಪಟ್ಟ ಮೊದಲು, ಕ್ಷಮೆ ಆಮೇಲೆ.

3/7
ಗೌರಿ ಹಬ್ಬಕ್ಕೆ ಅಕ್ಕ ಭಾವ ಊರಿಗೆ ಬಂದರು. ಬಾಗಿನ ಕೊಟ್ಟು, ಊಟ ಮುಗಿದ ಮಾರನೇ ದಿನ ನಾನಂದೆ, "ಭಾವ, ನಿಮ್ಮ ನಾಲೆ ನೋಡಿದ್ದಾಯ್ತು, ನಮ್ಮದನ್ನೂ ನೋಡ್ಬನ್ನಿ." ಹನಕೆರೆ ಸ್ಟೇಷನ್ನಲ್ಲಿ ಪ್ಯಾಸೆಂಜರ್ ಹತ್ತಿ ಶ್ರೀರಂಗಪಟ್ಟಣಕ್ಕೆ ಹೋದ್ವಿ. ಮೂರನೇ ಫೋಟೋ ಅಲ್ಲಿಯದು.

ಪಟ್ಟಣ ಅಂದ್ರೆ ಎಲ್ಲರಿಗೂ ಕೋಟೆ, ಟಿಪ್ಪು, ರಂಗನಾಥಸ್ವಾಮಿ. ಅದು ದ್ವೀಪ ಅನ್ನೋದು ಮರೆತೇ ಹೋಗುತ್ತೆ, ಕಾವೇರಿ ಎರಡಾಗಿ ಸುತ್ತಿಕೊಂಡು ಹೋಗ್ತಾಳೆ. ಕೋಟೆಗೆ ಹೊಳೆಯೇ ಕಂದಕ. ಆ ಕಂದಕಕ್ಕೆ ಒಂದು ತೊಂದರೆ ಇತ್ತು, ಬೇಸಿಗೆಯಲ್ಲಿ ಇಳಿಯುತ್ತೆ. ಬ್ರಿಟಿಷರು ಮಳೆ ಬೀಳೋ ಮುಂಚೆ ಮುಗಿಸಬೇಕು ಅಂತ ಅವಸರ ಮಾಡಿದ್ದು ಅದಕ್ಕೇ. 1799ರ ಮೇ 4ರ ಮಧ್ಯಾಹ್ನ ಅವರ ಸೈನಿಕರು ಬಂಡೆ ಮೇಲೆ, ನೀರಲ್ಲಿ ಕಾಲಿಟ್ಟುಕೊಂಡೇ ಹೊಳೆ ದಾಟಿ ಒಡೆದ ಗೋಡೆ ಹತ್ತಿದರು. ಒಂದು ತಿಂಗಳು ತಡವಾಗಿ ಕಾವೇರಿ ತುಂಬಿದ್ದಿದ್ರೆ? ಹಿಸ್ಟರಿ ಸರ್ ಇಂಥ ಪ್ರಶ್ನೆ ಕೇಳಬಾರದು ಅಂತಾರೆ. ನಾನು ಕಾಮರ್ಸು, ಕೇಳ್ತೀನಿ.

ನಾನು ತೋರಿಸಬೇಕು ಅಂತಿದ್ದದ್ದು ಬಂಗಾರದೊಡ್ಡಿ ನಾಲೆ. ರಣಧೀರ ಕಂಠೀರವ ನರಸರಾಜ ಒಡೆಯರ ಕಾಲದ್ದು ಅಂತಾರೆ. ಅವರು ಆಳಿದ್ದು 1638ರಿಂದ 1659. ಈ ನಾಲೆ ದ್ವೀಪಕ್ಕೆ ಬರೋಕೆ ಕಾವೇರಿಯ ಒಂದು ಕವಲನ್ನ ದಾಟಬೇಕು. ಕಲ್ಲಿನ ಸೇತುವೆ ಕಟ್ಟಿ ಅದರ ಮೇಲೆ ನೀರು ಹರಿಸಿದ್ದಾರೆ. ಕೆಳಗೆ ಹೊಳೆ, ಮೇಲೆ ನಾಲೆ! ಭಾವ ಐದು ನಿಮಿಷ ಏನೂ ಮಾತಾಡದೆ ನೋಡಿದ್ರು. ಅಕ್ಕ ರೀಲ್ ಮಾಡಿದ್ಲು. ಚಿಕ್ಕದೇವರಾಜ ಒಡೆಯರ ಹೆಸರಿನ ನಾಲೆಯೂ ಇದೇ ಸೀಮೆಯದು, ಅವರ ಕಾಲ 1673ರಿಂದ 1704.

ಅಂದ್ರೆ ಆಮ್‌ಸ್ಟರ್‌ಡ್ಯಾಮ್‌ನವರು ತೋಡ್ತಿದ್ದ ಶತಮಾನದಲ್ಲೇ ಇಲ್ಲೂ ನಾಲೆ ತೋಡ್ತಿದ್ರು. ಅಲ್ಲಿ ಮೂಟೆ ಸಾಗಿಸೋಕೆ, ಇಲ್ಲಿ ಭತ್ತ ಬೆಳೆಯೋಕೆ. ಅಜ್ಜಿ ಪ್ರಶ್ನೆಗೆ ಅರ್ಧ ಉತ್ತರ ಸಿಕ್ತು.

4/7
ಇನ್ನರ್ಧ ನಮ್ಮ ಗದ್ದೆ ಪಕ್ಕದಲ್ಲೇ ಇದೆ. ನಾವು ಬರೀ 'ನಾಲೆ' ಅಂತೀವಿ. ಬೋರ್ಡಲ್ಲಿ ವಿಶ್ವೇಶ್ವರಯ್ಯ ನಾಲೆ, ಹಳಬರ ಬಾಯಲ್ಲಿ ಇರ್ವಿನ್ ನಾಲೆ. ಇರ್ವಿನ್ ಅಂದ್ರೆ 1926ರಿಂದ 1931ರವರೆಗೆ ವೈಸರಾಯ್ ಆಗಿದ್ದವರು. ಕನ್ನಂಬಾಡಿ ಕಟ್ಟೆ ಕೆಲಸ ಶುರುವಾಗಿದ್ದು 1911ರಲ್ಲಿ. ಮದರಾಸಿನ ಜೊತೆ ಜಗಳ ನಡೆದು 1924ರಲ್ಲಿ ಒಪ್ಪಂದ ಆಯ್ತು. ಆಮೇಲೆ ನಾಲೆ ಕೆಲಸ. ದಾರಿಗೆ ಕರಿಘಟ್ಟದ ಸಾಲು ಅಡ್ಡ ಬಂತು, ಸುತ್ತಿಕೊಂಡು ಹೋಗದೆ ಗುಡ್ಡದ ಒಳಗೇ ಕೊರೆದರು. ಅದೇ ಹುಲಿಕೆರೆ ಸುರಂಗ, ಉದ್ದ ಸುಮಾರು 2.8 ಕಿ.ಮೀ. ಮಂಡ್ಯದ ಅನ್ನದ ತಟ್ಟೆಗೆ ಬರೋ ನೀರು ಅಷ್ಟು ದೂರ ಕತ್ತಲಲ್ಲಿ ನಡೆದು ಬರುತ್ತೆ. ಒಳಗೆ ಬಂಡೆ ಕೊರೆದ ಕೂಲಿಯವರ ಹೆಸರು ನನಗೆ ಎಲ್ಲೂ ಸಿಗಲಿಲ್ಲ.

ಅಜ್ಜಿ ಅವರಮ್ಮನಿಂದ ಕೇಳಿದ್ದು: ನಾಲೆ ಬರೋಕೆ ಮುಂಚೆ ಇಲ್ಲೆಲ್ಲಾ ರಾಗಿ, ಹುರುಳಿ. ಅನ್ನ ಅಂದ್ರೆ ಹಬ್ಬಕ್ಕೆ. ನಾಲೆ ಬಂತು, ಕಬ್ಬು ಬಂತು. ಕೃಷಿ ಇಲಾಖೆಯ ಕೋಲ್ಮನ್ ಅನ್ನೋ ಕೆನಡಾದವರ ಒತ್ತಾಸೆಯಿಂದ 1933ರಲ್ಲಿ ಮೈಷುಗರ್ ಹುಟ್ಟಿತು. ಅದರಲ್ಲಿ ಸರ್ಕಾರದ ಜೊತೆ ರೈತರೂ ಷೇರುದಾರರು. (ಆ ಚಾಪ್ಟರ್ ನಮ್ಮೂರಿಗೂ ಬಂತು ನೋಡಿ.) 1939ರಲ್ಲಿ ಮೈಸೂರಿನಿಂದ ಬೇರೆಯಾಗಿ ಮಂಡ್ಯ ಜಿಲ್ಲೆಯೇ ಆಯ್ತು. ನಾಲೆ ಇಲ್ಲದಿದ್ದರೆ ಈ ಜಿಲ್ಲೆ ಇರುತ್ತಿತ್ತಾ ಅಂತ ನನಗೆ ಡೌಟು.

5/7
ನೀರಿನ ಜೊತೆ ಬಿಲ್ಲೂ ಬಂತು. ನಾಲೆ ಖರ್ಚಿಗೆ ವಂತಿಗೆ ಕೊಡಿ ಅಂತ ಸರ್ಕಾರ ಕೇಳಿತು. ಬ್ಲಾಕ್ ಪದ್ಧತಿ ಅಂತ ಮಾಡಿ ಇಷ್ಟು ಭಾಗ ಕಬ್ಬು, ಇಷ್ಟು ಭತ್ತ, ಉಳಿದದ್ದು ಕಡಿಮೆ ನೀರಿನ ಬೆಳೆ ಅಂತ ಗೆರೆ ಎಳೆಯಿತು. ನಮ್ಮ ರೈತರು ಸುಮ್ಮನಿರಲಿಲ್ಲ. ಇರ್ವಿನ್ ನಾಲೆ ಚಳವಳಿ ಅಂತಲೇ ಹೆಸರಾಯಿತು. ಮುಂದೆ 1938ರ ಶಿವಪುರ ಧ್ವಜ ಸತ್ಯಾಗ್ರಹದಲ್ಲಿ ಮುಂದೆ ನಿಂತ ಎಚ್.ಕೆ. ವೀರಣ್ಣಗೌಡರು ಇದರಲ್ಲೂ ಮುಂದಾಳು. ಮದ್ದೂರು ದಾಟುವಾಗ ಶಿವಪುರದ ಸತ್ಯಾಗ್ರಹ ಸೌಧ ಬಸ್ಸಿಂದಲೇ ಕಾಣುತ್ತೆ. ಎಷ್ಟು ಸಲ ನೋಡಿದ್ದೀವಿ, ಎಷ್ಟು ಜನ ಇಳಿದಿದ್ದೀವಿ?

ಬೃಂದಾವನಕ್ಕೆ ಮಾತ್ರ ಎಲ್ಲರೂ ಇಳಿದಿದ್ದೀವಿ. ದಿವಾನ್ ಮಿರ್ಜಾ ಇಸ್ಮಾಯಿಲ್ ಮಾಡಿಸಿದ ತೋಟ. ಹೊಸದಾಗಿ ಮದುವೆಯಾದವರು ಕಾರಂಜಿ ಮುಂದೆ ಫೋಟೋ ತೆಗೆಸೋದು ನಮ್ಮಪ್ಪ ಅಮ್ಮನ ಕಾಲದಿಂದಲೂ ಇದೆ, ಆರನೇ ಸ್ಲೈಡಲ್ಲಿ ಅವರದ್ದೂ ಹಾಕಿದ್ದೀನಿ, ಬೈಬೇಡ ಅಮ್ಮ. ಆ ಕಟ್ಟೆಯ ಹಿಂದಿನ ನೀರಿನಡಿ ಹಳೇ ಕನ್ನಂಬಾಡಿ ಇದೆ, ಜೊತೆಗೆ ಇನ್ನೂ ಹಲವು ಹಳ್ಳಿ. ಬರ ಬಂದು ನೀರಿಳಿದಾಗ ವೇಣುಗೋಪಾಲಸ್ವಾಮಿ ದೇವಸ್ಥಾನ ಮೇಲೆದ್ದು ಕಾಣ್ತಿತ್ತಂತೆ. ಈಗ ಅದರ ಕಲ್ಲುಗಳನ್ನ ಬಿಚ್ಚಿ ತಂದು ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಿದ್ದಾರೆ. ದೇವರಿಗೆ ಮನೆ ಸಿಕ್ತು. ಎದ್ದು ಹೋದ ಒಕ್ಕಲುಗಳ ಕಥೆ ಕಾರಂಜಿ ಹತ್ತಿರ ಯಾರೂ ಹೇಳಲ್ಲ.

6/7
ಇದನ್ನ ಬರೀಬೇಕಾ ಬೇಡ್ವಾ ಅಂತ ಎರಡು ದಿನ ಯೋಚನೆ ಮಾಡಿದೆ.

2018ರ ನವೆಂಬರ್ 24, ಶನಿವಾರ. ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸು ಇದೇ ನಾಲೆಗೆ ಬಿತ್ತು. 30 ಜನ ಹೋದರು. ಸ್ಕೂಲು ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ಅವತ್ತು ನಾನೂ ಸ್ಕೂಲು ಹುಡುಗ. ಊರಲ್ಲಿ ಟಿವಿ ಮುಂದೆ ಎಲ್ಲರೂ ಕೂತಿದ್ವಿ, ಅದೇ ರಾತ್ರಿ ಅಂಬರೀಶಣ್ಣ ತೀರಿಕೊಂಡ ಸುದ್ದಿ ಬಂತು. ಮಂಡ್ಯದವರಿಗೆ ಆ ದಿನ ಬಿಡಿಸಿ ಹೇಳಬೇಕಿಲ್ಲ. ಆಮೇಲೂ ಎಷ್ಟೋ ಕಾರು ನಾಲೆಗೆ ಬಿದ್ದಿವೆ. ಪ್ರತಿ ಸಲ ತಡೆಗೋಡೆ ಮಾತು ಬರುತ್ತೆ, ಕೆಲವು ಕಡೆ ಕಟ್ಟಿದ್ದಾರೆ, ಕೆಲವು ಕಡೆ ಬರೀ ಮಣ್ಣಿನ ಏರಿ.

ಅಕ್ಕನ ಫೋಟೋಗಳನ್ನ ಮತ್ತೆ ತೆಗೆದು ನೋಡಿದೆ. ಕಾರು ನಿಲ್ಲಿಸೋ ದಂಡೆ ಉದ್ದಕ್ಕೂ ಮೊಣಕಾಲಿಗಿಂತ ಕೆಳಗೆ ಒಂದು ಕಬ್ಬಿಣದ ಸರಳು ಇದೆ. ಕಾರು ಜಾರಿ ನೀರಿಗೆ ಬೀಳದಿರಲಿ ಅಂತ. ಇಡೀ ಆಲ್ಬಂನಲ್ಲಿ ನನಗೆ ಹೊಟ್ಟೆಕಿಚ್ಚು ಆಗಿದ್ದು ಆ ಸರಳು ನೋಡಿ.

7/7
ಕೊನೇ ಫೋಟೋ, ಸಂಜೆ ನಮ್ಮ ಗದ್ದೆ ಹತ್ತಿರ. ಅಕ್ಕ ಏರಿ ಮೇಲೆ, ಭಾವ ಚಪ್ಪಲಿ ಕೈಯಲ್ಲಿ ಹಿಡಿದು ಬದುವಿನ ಮೇಲೆ. ನೀರುಗಂಟಿ ತೂಬು ಎತ್ತಿದ್ರು, ಕಟ್ಟು ನೀರು, ನಮ್ಮ ಸರದಿ. ಅಜ್ಜಿ ದೂರದಿಂದಲೇ "ಅಂಚಿಗೆ ನಿಂತ್ಕಬ್ಯಾಡ ಕಣವ್ವ, ಈಚೆಗೆ ಬಾ" ಅಂತ ಕೂಗ್ತಿದ್ದಾರೆ, ಫೋಟೋದಲ್ಲಿ ಕೇಳಿಸಲ್ಲ. ಭಾವ ಅಲ್ಲೇ ಕೇಳಿದ್ರು, "ಈ ನೀರು ಇಲ್ಲಿಂದ ಮುಂದೆ ಎಲ್ಲಿಗೆ ಹೋಗುತ್ತೆ?" ನನಗೆ ಗೊತ್ತಿರಲಿಲ್ಲ. ನೀರುಗಂಟಿ ನಿಂತುಕೊಂಡು ಒಂದೊಂದೇ ಊರಿನ ಹೆಸರು ಹೇಳ್ತಾ ಹೋದರು.

ನಿಮ್ಮ ಮನೇಲಿ ಹಿರಿಯರಿದ್ರೆ ಇವತ್ತು ರಾತ್ರಿ ಊಟಕ್ಕೆ ಕೂತಾಗ ಕೇಳಿ, ನಾಲೆ ಬರೋಕೆ ಮುಂಚೆ ನಮ್ಮ ಹೊಲದಲ್ಲಿ ಏನು ಬೆಳೀತಿದ್ರು ಅಂತ. ಕೇಳಿ ನನಗೂ ಬರೆದು ಕಳಿಸಿ.