ರೈಲು ಬಿಟ್ಟ ದಾರೀಲಿ ಸೈಕಲ್ಲು: ಫ್ರಾನ್ಸ್‌ನ ಕಾರಿಲ್ಲದ ರಸ್ತೆಗಳ ಕಥೆ

ಭಾಗ 1 / 7
ಈ ಥರದ ಫೋಟೋ ನಿಮ್ಮ ಫೀಡಲ್ಲೂ ಬಂದಿರುತ್ತೆ. ಎರಡೂ ಕಡೆ ಮರ, ಪಕ್ಕದಲ್ಲಿ ನಿಂತ ನೀರು, ನೂಲು ಹಿಡಿದ ಹಾಗೆ ನೇರ ದಾರಿ, ಒಂದೂ ಕಾರಿಲ್ಲ. ಕೆಳಗೆ ಯಾರಾದ್ರೂ ಬರೆದೇ ಇರ್ತಾರೆ: "ಅವರಿಗೇನಪ್ಪಾ, ದುಡ್ಡಿದೆ, ಸೈಕಲ್ಲಿಗೂ ಬೇರೆ ರೋಡು ಹಾಕ್ಕೋತಾರೆ."

ಅಲ್ಲೇ ಇರೋದು ತಮಾಷೆ. ಫ್ರಾನ್ಸ್ ಹಳ್ಳಿಗಾಡಿನ ಹೆಸರುವಾಸಿ ಸೈಕಲ್ ದಾರಿಗಳಲ್ಲಿ ಎಷ್ಟೋ ದಾರಿಗಳನ್ನ ಕಡಿದವರ ಕಾಲದಲ್ಲಿ ಸೈಕಲ್ಲೇ ಹುಟ್ಟಿರಲಿಲ್ಲ. ಒಂದನ್ನ ವ್ಯಾಪಾರಕ್ಕೆ ಮಾಡಿದ್ರು, ಇನ್ನೊಂದನ್ನ ಯುದ್ಧದ ಭಯಕ್ಕೆ, ಮತ್ತೊಂದನ್ನ ಹಳ್ಳಿಯವರ ಮನಸ್ಸು ಗೆಲ್ಲೋಕೆ. ಆ ಕೆಲಸಗಳೆಲ್ಲ ಮುಗಿದ ಮೇಲೆ ಉಳಿದ ಜಾಗ ಸೈಕಲ್ಲಿಗೆ ಸಿಕ್ತು.

ಇನ್ನೊಂದು ಪ್ರಶ್ನೆನೂ ಇದೆ: ಅಲ್ಲಿ ಸೈಕಲ್ ತುಳಿಯೋಕೆ ಜನಕ್ಕೆ ಪುರುಸೊತ್ತು ಕೊಟ್ಟವರು ಯಾರು? ಅದಕ್ಕೂ ಬರ್ತೀನಿ. ಒಂದೊಂದಾಗಿ ಸ್ವೈಪ್ ಮಾಡ್ತಾ ಓದಿ.

ಭಾಗ 2 / 7
ಮೊದಲು 17ನೇ ಶತಮಾನ. ದಕ್ಷಿಣ ಫ್ರಾನ್ಸ್‌ನಲ್ಲಿ ಪಿಯೆರ್-ಪೋಲ್ ರಿಕೆ ಅಂತ ಒಬ್ಬ. ಎಂಜಿನಿಯರ್ ಅಲ್ಲ, ಉಪ್ಪಿನ ತೆರಿಗೆ ವಸೂಲಿ ಮಾಡ್ತಿದ್ದವನು. ಅವನ ತಲೇಲಿ ಒಂದೇ ಹುಚ್ಚು: ಸ್ಪೇನ್ ಸುತ್ತಿ ಬರೋ ಸಮುದ್ರದ ದಾರಿ ತಪ್ಪಿಸಿ, ಮೆಡಿಟರೇನಿಯನ್ ಕಡೆಯಿಂದ ತುಲೂಸ್‌ಗೆ ಕಾಲುವೆ ತೋಡಬೇಕು. ತುಲೂಸ್‌ನಿಂದ ಮುಂದೆ ನದಿ ಹಿಡಿದ್ರೆ ಅಟ್ಲಾಂಟಿಕ್. 1666ರಲ್ಲಿ ಹದಿನಾಲ್ಕನೇ ಲೂಯಿ ಅಪ್ಪಣೆ ಕೊಟ್ಟ.

ಕಷ್ಟ ಇದ್ದದ್ದು ತೋಡೋದ್ರಲ್ಲಿ ಮಾತ್ರ ಅಲ್ಲ, ನೀರಲ್ಲಿ. ಕಾಲುವೆ ಮಧ್ಯದಲ್ಲಿ ಒಂದು ದಿಬ್ಬ ಹತ್ತಿ ಇಳೀಬೇಕು. ದಿಬ್ಬದ ಮೇಲಿನ ಭಾಗಕ್ಕೆ ನೀರು ಎಲ್ಲಿಂದ ತರೋದು? ರಿಕೆ ಹತ್ತಿರದ ಮಲೆನಾಡಿನಂಥ ಕಪ್ಪು ಬೆಟ್ಟಗಳ ಹಳ್ಳಗಳನ್ನ ತಿರುಗಿಸಿ, ಸೇಂಟ್-ಫೆರಿಯೋಲ್‌ನಲ್ಲಿ ದೊಡ್ಡ ಅಣೆಕಟ್ಟು ಕಟ್ಟಿಸಿ, ಅಲ್ಲಿಂದ ನೊರೂಜ್ ಅನ್ನೋ ಜಾಗಕ್ಕೆ ನೀರು ತಂದ. ನೊರೂಜ್‌ನಲ್ಲಿ ಒಂದು ಕಡೆ ಹರಿದ ನೀರು ಅಟ್ಲಾಂಟಿಕ್ ಸೇರುತ್ತೆ, ಇನ್ನೊಂದು ಕಡೆ ಹರಿದದ್ದು ಮೆಡಿಟರೇನಿಯನ್.

ಕೆಲಸ ಜೋರಾಗಿದ್ದಾಗ ಸುಮಾರು 12,000 ಆಳುಗಳು. ಹೆಂಗಸರೂ ಇದ್ರು. ಮಳೆ ಬಂದು ಕೆಲಸ ನಿಂತ ದಿನಕ್ಕೂ, ಕಾಯಿಲೆ ಬಿದ್ದ ದಿನಕ್ಕೂ ರಿಕೆ ಕೂಲಿ ಕೊಡ್ತಿದ್ದ. ಆ ಕಾಲಕ್ಕೆ ಇದು ಕೇಳಿರದ ಮಾತು. ಈ ವಿಷಯ ನೆನಪಿಟ್ಕೊಳ್ಳಿ, ಭಾಗ 5ರಲ್ಲಿ ಬೇಕಾಗುತ್ತೆ.

1680ರಲ್ಲಿ ರಿಕೆ ತೀರಿಕೊಂಡ. ಕಾಲುವೆ ಶುರುವಾದದ್ದು 1681ರಲ್ಲಿ, ಕೆಲವೇ ತಿಂಗಳ ನಂತರ. ಅವನು ಬಿಟ್ಟುಹೋದ ಸಾಲ ತೀರಿಸೋಕೆ ಮನೆಯವರಿಗೆ ದಶಕಗಳೇ ಹಿಡಿದ್ವು. 240 ಕಿ.ಮೀ. ಉದ್ದದ ಆ ಕಾಲುವೆಯೇ ಇವತ್ತಿನ ಕನಾಲ್ ದ್ಯು ಮಿದಿ. 1996ರಿಂದ ಯುನೆಸ್ಕೋ ವಿಶ್ವ ಪರಂಪರೆ ತಾಣ.

ಭಾಗ 3 / 7
ಸರಿ, ಕಾಲುವೆ ಪಕ್ಕ ದಾರಿ ಯಾಕಿದೆ? ದೋಣಿಗೆ ಎಂಜಿನ್ ಇರಲಿಲ್ಲ. ದಡದ ಮೇಲೆ ಕುದುರೆ ನಡೀತಾ ಹಗ್ಗದಲ್ಲಿ ದೋಣಿ ಎಳೀತಿತ್ತು. ಗಾಡೀಲಿ ಎಳೆಯೋದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಭಾರ ನೀರಿನ ಮೇಲೆ ಎಳೀಬಹುದು. ಕುದುರೆ ಸಾಕೋಕೆ ಆಗದ ಬಡ ದೋಣಿಯವರು ತಾವೇ ಎದೆಗೆ ಪಟ್ಟಿ ಕಟ್ಟಿಕೊಂಡು ಎಳೆದದ್ದೂ ಉಂಟು, ಹೆಂಡತಿ ಮಕ್ಕಳ ಸಮೇತ. ಇವತ್ತು ನಾವು ಫೋಟೋ ನೋಡಿ "ಎಷ್ಟು ಶಾಂತವಾಗಿದೆ" ಅನ್ನೋ ದಾರಿ ಅದೇ.

ಬ್ರಿಟನಿ ಪ್ರಾಂತ್ಯದ ನಾಂತ್-ಬ್ರೆಸ್ಟ್ ಕಾಲುವೆ ಕಥೆ ಇನ್ನೂ ಕಟು. ನೆಪೋಲಿಯನ್ ಕಾಲದಲ್ಲಿ ಇಂಗ್ಲಿಷ್ ನೌಕಾಪಡೆ ಸಮುದ್ರದಲ್ಲಿ ಅಡ್ಡ ನಿಂತು ಬ್ರೆಸ್ಟ್ ಬಂದರಿಗೆ ಸಾಮಾನು ಹೋಗದ ಹಾಗೆ ಮಾಡಿತ್ತು. ಹಂಗಾಗಿ ಒಳನಾಡಿನಲ್ಲೇ ನೀರಿನ ದಾರಿ ಬೇಕು ಅಂತ 1811ರಲ್ಲಿ ಕೆಲಸ ಶುರು. ಗ್ಲೊಮೆಲ್ ಹತ್ತಿರ ಸುಮಾರು 3 ಕಿ.ಮೀ. ಉದ್ದಕ್ಕೆ, 20 ಮೀಟರ್‌ಗೂ ಹೆಚ್ಚು ಆಳಕ್ಕೆ ಬೆಟ್ಟ ಸೀಳಬೇಕಿತ್ತು. ಅದನ್ನ 1823ರಿಂದ 1832ರವರೆಗೆ ಕೈದಿಗಳ ಕೈಲಿ ಗುದ್ದಲಿ, ಪಿಕಾಸಿಯಲ್ಲಿ ಮಾಡಿಸಿದ್ರು.

ಕಾಲುವೆ ಮುಗಿದದ್ದು 1842ರಲ್ಲಿ. ಆ ಹೊತ್ತಿಗೆ ನೆಪೋಲಿಯನ್ನೂ ಇಲ್ಲ, ಯುದ್ಧವೂ ಇಲ್ಲ. 1865ರಲ್ಲಿ ಬ್ರೆಸ್ಟ್‌ಗೆ ರೈಲೂ ಬಂತು. 1930ರಲ್ಲಿ ಮುಗಿದ ಗೆರ್ಲೆದಾನ್ ಅಣೆಕಟ್ಟಿನ ನೀರಲ್ಲಿ 17 ಲಾಕ್ ಗೇಟುಗಳು ಮುಳುಗಿ, ಕಾಲುವೆ ಎರಡು ತುಂಡಾಯ್ತು. ಯಾವ ಯುದ್ಧಕ್ಕೆ ಅಂತ ಅಷ್ಟು ಜನ ಬೆನ್ನು ಮುರಿದುಕೊಂಡ್ರೋ ಆ ಯುದ್ಧಕ್ಕೆ ಅದು ಒದಗಲೇ ಇಲ್ಲ. ಉಳಿದ ದಡದ ಮೇಲೆ ಈಗ ಸೈಕಲ್ಲು.

ಭಾಗ 4 / 7
ಈಗ ರೈಲು. 1870-71ರ ಯುದ್ಧದಲ್ಲಿ ಪ್ರಷ್ಯಾ ಕೈಲಿ ಸೋತ ಫ್ರಾನ್ಸ್‌ನಲ್ಲಿ ಹೊಸ ಗಣರಾಜ್ಯ ಇನ್ನೂ ಕಾಲೂರ್ತಾ ಇತ್ತು. ಹಳ್ಳಿಗಳಲ್ಲಿ ಎಷ್ಟೋ ಜನಕ್ಕೆ ಅದರ ಮೇಲೆ ನಂಬಿಕೆ ಇರಲಿಲ್ಲ. ಲೋಕೋಪಯೋಗಿ ಮಂತ್ರಿ ಶಾರ್ಲ್ ದ ಫ್ರೆಸಿನೆ ಒಂದು ಯೋಜನೆ ತಂದ: ನಮ್ಮ ತಾಲೂಕು ಕೇಂದ್ರ ಇದ್ದ ಹಾಗೆ ಅಲ್ಲಿನ ಪ್ರತಿಯೊಂದು ಸಣ್ಣ ಆಡಳಿತ ಪಟ್ಟಣಕ್ಕೂ ರೈಲು. 1879ರ ಕಾನೂನಿನಲ್ಲಿ 181 ಮಾರ್ಗಗಳ ಪಟ್ಟಿ, ಒಟ್ಟು ಸುಮಾರು 8,800 ಕಿ.ಮೀ.

ಲಾಭ ಬರುತ್ತೋ ಇಲ್ವೋ ಅನ್ನೋದು ಎರಡನೇ ಮಾತು. ಊರಿಗೆ ರೈಲು ಬಂದ್ರೆ ಸರ್ಕಾರ ನಮ್ಮದು ಅನ್ನಿಸುತ್ತೆ, ಅದು ಮೊದಲನೇ ಮಾತು. ಮಕ್ಕಳು ಓದೋಕೆ ಹೋದ್ರು, ರೈತರು ಹಾಲು, ದ್ರಾಕ್ಷಿ, ದನ ಕಳಿಸಿದ್ರು, ಹುಡುಗರು ಸೈನ್ಯಕ್ಕೆ ಹೋದ್ರು, ಎಲ್ಲ ಅದೇ ಸ್ಟೇಷನ್ನಿಂದ.

ಸೈಕಲ್ಲಿಗೆ ಇಲ್ಲೊಂದು ಲಾಭ ಇದೆ, ಗಮನಿಸಿ. ಉಕ್ಕಿನ ಹಳಿ ಮೇಲೆ ಉಕ್ಕಿನ ಚಕ್ರಕ್ಕೆ ಹಿಡಿತ ಕಮ್ಮಿ, ಕಡಿದಾದ ಏರು ಹತ್ತೋಕಾಗಲ್ಲ. ಹಂಗಾಗಿ ಹಳಿ ಹಾಕುವಾಗ ಬೆಟ್ಟಕ್ಕೆ ಸುರಂಗ, ಕಣಿವೆಗೆ ಸೇತುವೆ, ತಗ್ಗಿಗೆ ಮಣ್ಣು. ನೂರು ಮೀಟರ್ ಹೋದ್ರೆ ಒಂದೆರಡು ಮೀಟರ್ ಏರಿದ್ರೆ ಹೆಚ್ಚು. ಉಗಿಬಂಡಿಗೆ ಹಿತವಾದದ್ದು ನಮ್ಮ ಮೊಣಕಾಲಿಗೂ ಹಿತ. ಎಂಟು ವರ್ಷದ ಮಗು, ಎಪ್ಪತ್ತು ವರ್ಷದ ಅಜ್ಜಿ, ವೀಲ್‌ಚೇರ್‌ನಲ್ಲಿ ಇರೋರು, ಎಲ್ಲರಿಗೂ ಆಗೋ ದಾರಿ.

ಭಾಗ 5 / 7
ಭಾಗ 2ರ ಕೂಲಿ ವಿಷಯ ನೆನಪಿದ್ಯಾ? ಅದಕ್ಕೆ ಬರೋಣ.

19ನೇ ಶತಮಾನದ ಕೊನೇಲಿ ಸೈಕಲ್ ಅಂದ್ರೆ ದುಡ್ಡಿರೋರ ಶೋಕಿ. ಬರಬರ್ತಾ ಬೆಲೆ ಇಳೀತು. 1903ರ ಮೊದಲ ಟೂರ್ ದ ಫ್ರಾನ್ಸ್ ಗೆದ್ದ ಮೊರಿಸ್ ಗ್ಯಾರಾಂ ಚಿಕ್ಕಂದಿನಲ್ಲಿ ಚಿಮಣಿ ಗುಡಿಸ್ತಿದ್ದವನು. ಸೈಕಲ್ಲು ಕಾರ್ಮಿಕರ ಕೈಗೆ ಬಂತು ಸರಿ, ಆದ್ರೆ ರಜೆ? ಕೆಲಸಕ್ಕೆ ಹೋಗದಿದ್ರೆ ಆ ದಿನದ ಸಂಬಳ ಇಲ್ಲ.

1936ರ ಮೇ-ಜೂನ್‌ನಲ್ಲಿ ಲಕ್ಷಾಂತರ ಕಾರ್ಮಿಕರು ಕಾರ್ಖಾನೆಗಳ ಒಳಗೇ ಕೂತು ಮುಷ್ಕರ ಮಾಡಿದ್ರು. ಲಿಯೋನ್ ಬ್ಲುಮ್ ಸರ್ಕಾರ ಜೂನ್ 20ರಂದು ಕಾನೂನು ತಂತು: ವರ್ಷಕ್ಕೆ ಎರಡು ವಾರ ಸಂಬಳ ಸಹಿತ ರಜೆ. ಮಂತ್ರಿ ಲಿಯೋ ಲಗ್ರಾಂಜ್ ರೈಲು ಟಿಕೆಟ್‌ಗೆ ಶೇ. 40 ರಿಯಾಯಿತಿ ಕೊಡಿಸಿದ. ಆ ಬೇಸಿಗೇಲಿ ಎಷ್ಟೋ ಜನ ಜೀವನದಲ್ಲಿ ಮೊದಲ ಸಲ ಸಮುದ್ರ ನೋಡಿದ್ರು. ಸೈಕಲ್ ಏರಿ ಹೊರಟವರೂ ಬಹಳ. ಇಬ್ಬರು ಒಟ್ಟಿಗೆ ತುಳಿಯೋ ಟ್ಯಾಂಡಮ್ ಸೈಕಲ್, ಅದರ ಹಿಂದೆ ಟೆಂಟು, ಇದು ಆ ವರ್ಷದ ಗುರುತೇ ಆಗಿಹೋಯ್ತು.

ಸೈಕಲ್ ಪ್ರವಾಸಕ್ಕೆ ರಸ್ತೆ ಎಷ್ಟು ಮುಖ್ಯವೋ ರಜೆನೂ ಅಷ್ಟೇ ಮುಖ್ಯ. ರಸ್ತೆ ಸರ್ಕಾರ ಹಾಕಬಹುದು. ರಜೆನ ಅವರು ಕೇಳಿ, ಕೂತು, ಹಟ ಹಿಡಿದು ತಗೊಂಡ್ರು.

ಭಾಗ 6 / 7
ಆಮೇಲೆ ಕಾರು ಬಂತು. ಎರಡನೇ ಮಹಾಯುದ್ಧದ ನಂತರ ಸಿಟ್ರೋಯನ್ 2ಸಿವಿ ಥರದ ಅಗ್ಗದ ಕಾರುಗಳು ಹಳ್ಳಿಗೂ ಮುಟ್ಟಿದ್ವು. ಫ್ರೆಸಿನೆ ಹಾಕಿಸಿದ ಸಣ್ಣ ಮಾರ್ಗಗಳಲ್ಲಿ ಪ್ರಯಾಣಿಕರು ಕಮ್ಮಿ ಆದ್ರು. ಒಂದೊಂದೇ ಮುಚ್ಚಿದ್ವು, ಬದಲಿಗೆ ಬಸ್ಸು, ಕೆಲವು ಕಡೆ ಅದೂ ಇಲ್ಲ. ಕಾರಿಲ್ಲದ ಮುದುಕರು, ಓದೋ ಹುಡುಗರು ಊರಲ್ಲೇ ಕಟ್ಟಿಹಾಕಿದ ಹಾಗೆ ಆದ್ರು. ಚೆಂದದ ಫೋಟೋ ಹಿಂದೆ ಈ ನಷ್ಟನೂ ಇದೆ, ಮರೀಬಾರದು.

ರಸ್ತೆ ಮೇಲೆ ಸೈಕಲ್ಲಿನವರ ಗತಿನೂ ಕೆಟ್ಟಿತು. 1972ರಲ್ಲಿ ಒಂದೇ ವರ್ಷ ಫ್ರಾನ್ಸ್ ರಸ್ತೆಗಳಲ್ಲಿ 16,000ಕ್ಕೂ ಹೆಚ್ಚು ಜನ ಸತ್ರು.

ತಿರುವು ಬಂದದ್ದು ಬರ್ಗಂಡಿಯ ದ್ರಾಕ್ಷಿ ತೋಟಗಳ ನಡುವೆ. ಜಿವ್ರಿಯಿಂದ ಕ್ಲುನಿವರೆಗೆ ಹಳಿ ಕಿತ್ತ 44 ಕಿ.ಮೀ. ದಾರಿಗೆ ಟಾರು ಹಾಕಿ 1997ರಲ್ಲಿ ಸೈಕಲ್ಲಿಗೆ, ನಡೆಯೋರಿಗೆ ಬಿಟ್ಟುಕೊಟ್ರು. ಫ್ರಾನ್ಸ್‌ನ ಮೊದಲ 'ವ್ವಾ ವೆರ್ತ್', ಅಂದ್ರೆ ಹಸಿರು ದಾರಿ ಅಂತ ಕರೆಯೋದು ಇದನ್ನೇ. ಮರುವರ್ಷವೇ ಇಡೀ ದೇಶಕ್ಕೆ ಒಂದು ಯೋಜನೆ. 2004ರಲ್ಲಿ ಸಂಚಾರ ನಿಯಮದಲ್ಲೇ ಹಸಿರು ದಾರಿಗೆ ಜಾಗ ಸಿಕ್ತು: ಮೋಟಾರ್ ಇಲ್ಲದ ವಾಹನ, ಕಾಲ್ನಡಿಗೆ, ಕುದುರೆ ಸವಾರರಿಗೆ ಮಾತ್ರ.

ಕ್ಲುನಿಯಿಂದ ಮುಂದೆ ಮಾಕೋಂ ಕಡೆಗೆ ಬುಆ-ಕ್ಲೇರ್ ಅನ್ನೋ 1.6 ಕಿ.ಮೀ. ಉದ್ದದ ರೈಲು ಸುರಂಗ ಇದೆ. ಈಗ ಅದರೊಳಗೆ ಸೈಕಲ್ ಹೋಗುತ್ತೆ, ಚಳಿಗಾಲ ಬಿಟ್ಟು. ಯಾಕಂದ್ರೆ ಆಗ ಅಲ್ಲಿ ಬಾವಲಿಗಳು ಮಲಗಿರ್ತವೆ. ಅವುಗಳ ನಿದ್ದೆ ಕೆಡಬಾರದು ಅಂತ ಸುರಂಗ ಮುಚ್ಚಿ, ಸೈಕಲ್ಲಿನವರನ್ನ ಗುಡ್ಡದ ಮೇಲಿಂದ ಕಳಿಸ್ತಾರೆ.

ಭಾಗ 7 / 7
ಇದೆಲ್ಲ ಸಾಧ್ಯ ಆದದ್ದಕ್ಕೆ ಕಾರಣ ಒಂದೇ ಮಾತಲ್ಲಿ: ಆ ಪಟ್ಟಿ ಜಾಗ ಸಾರ್ವಜನಿಕರ ಕೈತಪ್ಪಿ ಹೋಗಿರಲಿಲ್ಲ. ಹಳಿ ಕಿತ್ತ ಮೇಲೆ ತುಂಡು ತುಂಡಾಗಿ ಮಾರಿದ ಕಡೆ ಒಂದು ತುಂಡಲ್ಲಿ ಮನೆ, ಇನ್ನೊಂದರಲ್ಲಿ ಹೊಲ. ಅಲ್ಲಿ ದಾರಿ ಮತ್ತೆ ಜೋಡಿಸೋದು ಬಹಳ ಕಷ್ಟ. 40 ಕಿ.ಮೀ. ದಾರೀಲಿ ನಡುವೆ ಒಂದು ಕಿ.ಮೀ. ಹೋದ್ರೂ ಸೈಕಲ್ಲಿನವರು ಹೆದ್ದಾರಿಗೆ ಇಳೀಬೇಕು.

ಉಳಿದದ್ದನ್ನ ಕಾಯೋದೂ ಸುಲಭ ಅಲ್ಲ. ಕನಾಲ್ ದ್ಯು ಮಿದಿ ದಡದ ಸುಮಾರು 42,000 ಪ್ಲೇನ್ ಮರಗಳಿಗೆ ಒಂದು ಶಿಲೀಂಧ್ರ ರೋಗ ತಗುಲಿದ್ದು 2006ರಲ್ಲಿ ಕಂಡುಬಂತು. ಮದ್ದಿಲ್ಲ. ರೋಗ ಬಂದ ಮರಗಳನ್ನ ಸಾವಿರಾರು ಸಂಖ್ಯೇಲಿ ಕಡಿದು ಬೇರೆ ಜಾತಿ ಸಸಿ ನೆಡ್ತಿದ್ದಾರೆ. ಆ ಸಸಿಗಳ ನೆರಳು ಸಿಗೋದು ಇವತ್ತು ನೆಟ್ಟವರಿಗಲ್ಲ, ಅವರ ಮಕ್ಕಳಿಗೆ.

ಮುಂದಿನ ಸಲ ಇಂಥ ಫೋಟೋ ಬಂದಾಗ ಲೈಕ್ ಒತ್ತೋ ಮುಂಚೆ ಎದೆಗೆ ಪಟ್ಟಿ ಕಟ್ಟಿ ದೋಣಿ ಎಳೆದವರನ್ನ, ಗ್ಲೊಮೆಲ್ ಕೈದಿಗಳನ್ನ, 1936ರಲ್ಲಿ ಕಾರ್ಖಾನೇಲಿ ಕೂತವರನ್ನ ಒಂದು ಕ್ಷಣ ನೆನೆಸ್ಕೊಳ್ಳಿ.

ನಿಮ್ಮೂರ ಹತ್ರ ಬಳಕೆ ಬಿಟ್ಟ ರೈಲು ದಾರಿ, ಕಾಲುವೆ ಏರಿ, ಹಳೇ ಗಾಡಿ ಜಾಡು ಏನಾದ್ರೂ ಇದ್ಯಾ? ಈಗ ಅದು ಯಾರ ಕೈಲಿದೆ? ಮನೇಲಿ ಅಜ್ಜಿ ತಾತನ್ನ ಕೇಳಿ, ಕಾಮೆಂಟಲ್ಲಿ ಬರೀರಿ. ಇಷ್ಟ ಆದ್ರೆ ಸೇವ್ ಮಾಡಿ, ಸೈಕಲ್ ಹುಚ್ಚಿರೋ ಗೆಳೆಯರಿಗೆ ಕಳಿಸಿ.

#ಕನ್ನಡದಲ್ಲಿಇತಿಹಾಸ #ಸೈಕಲ್ #ಫ್ರಾನ್ಸ್ #ರೈಲುದಾರಿ #ಹಸಿರುದಾರಿ