ಸ್ಟ್ಯಾಂಡ್ ಬೈ ಮಿ: ಪ್ರಾರ್ಥನೆಯಿಂದ ಪ್ರೇಮಗೀತೆಗೆ

ಅಮೆರಿಕದ ಕಪ್ಪು ಜನಾಂಗದವರು ಬೆಳೆಸಿದ ಸೋಲ್ ಸಂಗೀತದಲ್ಲಿ, ತನ್ನ ಕಾಲವನ್ನು ದಾಟಿ ಉಳಿದ ಪ್ರೇಮಗೀತೆಗಳ ಪೈಕಿ ಬೆನ್ ಇ. ಕಿಂಗ್ ಹಾಡಿದ 'ಸ್ಟ್ಯಾಂಡ್ ಬೈ ಮಿ' ಅಗ್ರಪಂಕ್ತಿಗೆ ಸೇರಿದ್ದು. ಕೈಬಿಡದೆ ಜೊತೆಯಲ್ಲಿರು ಎಂಬುದು ಆ ಮಾತಿನ ಅರ್ಥ. 1960ರ ಅಕ್ಟೋಬರ್ 27ರಂದು ಧ್ವನಿಮುದ್ರಣಗೊಂಡು ಮರುವರ್ಷ ಬಿಡುಗಡೆಯಾದ ಈ ಗೀತೆ, ಅಮೆರಿಕದ ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲಿ ಮೊದಲನೆಯ ಸ್ಥಾನವನ್ನೂ ಸರ್ವಸಾಮಾನ್ಯ ಪಟ್ಟಿಯಲ್ಲಿ ನಾಲ್ಕನೆಯ ಸ್ಥಾನವನ್ನೂ ಪಡೆಯಿತು.

ಹಾಡಿನ ಬೇರು ಇರುವುದು ಚರ್ಚಿನಲ್ಲಿ. ಗುಲಾಮನೊಬ್ಬನ ಮಗನಾಗಿ 1851ರಲ್ಲಿ ಜನಿಸಿ, ಮುಂದೆ ಫಿಲಡೆಲ್ಫಿಯದಲ್ಲಿ ಪಾದ್ರಿಯಾದ ಚಾರ್ಲ್ಸ್ ಆಲ್ಬರ್ಟ್ ಟಿಂಡ್ಲಿ ಎಂಬುವರು 1905ರಲ್ಲಿ ಇದೇ ಹೆಸರಿನ ಭಕ್ತಿಗೀತೆಯೊಂದನ್ನು ರಚಿಸಿದ್ದರು. ಬಳಿಕ ಸ್ಯಾಮ್ ಕುಕ್ ಹಾಗೂ ಜೆ. ಡಬ್ಲ್ಯು. ಅಲೆಕ್ಸಾಂಡರ್ ಬರೆದ ಇನ್ನೊಂದು ಪ್ರಾರ್ಥನಾಗೀತೆಯನ್ನು ಸೋಲ್ ಸ್ಟಿರರ್ಸ್ ತಂಡ ಹಾಡಿತು. ಕಿಂಗ್ ಈ ಜಾಡಿನಲ್ಲಿಯೇ ತಮ್ಮ ಹಾಡನ್ನು ಕಟ್ಟತೊಡಗಿ, ಜೆರಿ ಲೀಬರ್ ಮತ್ತು ಮೈಕ್ ಸ್ಟೋಲರ್ ಜೋಡಿಯೊಡನೆ ಅದನ್ನು ಪೂರ್ಣಗೊಳಿಸಿದರು. ತಮ್ಮ ಹಳೆಯ ತಂಡ ಡ್ರಿಫ್ಟರ್ಸ್ ಇದನ್ನು ಹಾಡಲಿ ಎಂಬುದು ಅವರ ಆಸೆಯಾಗಿತ್ತಂತೆ; ತಂಡ ಒಪ್ಪಲಿಲ್ಲ. ಆ ನಿರಾಕರಣೆಯೇ ಕಿಂಗ್ ಅವರ ಪಾಲಿಗೆ ವರವಾಯಿತೆನ್ನಬೇಕು.

ಕತ್ತಲು ಕವಿದರೂ, ಬೆಟ್ಟಗಳು ಕುಸಿದು ಸಮುದ್ರ ಸೇರಿದರೂ ಅಂಜೆನೆಂಬ ಭಾವ ಬೈಬಲ್ಲಿನ 46ನೆಯ ಕೀರ್ತನೆಯನ್ನು ನೆನಪಿಗೆ ತರುತ್ತದೆ. ಹಾಡನ್ನು ಪ್ರೇಮಗೀತೆಯನ್ನಾಗಿಸುವುದು ಪ್ರಿಯೆಯನ್ನು ಕರೆಯುವ ಒಂದೇ ಒಂದು ಸಂಬೋಧನೆ. ಅದೊಂದನ್ನು ತೆಗೆದರೆ ಉಳಿಯುವುದು ಮೊರೆಯೇ. ದಾಸರ ಪದಗಳನ್ನು ಕೇಳಿ ಬೆಳೆದ ನಮಗೆ ಈ ಬೆರಕೆ ಅಪರಿಚಿತವೆನಿಸದು.

ಇನ್ನು ಸಂಗೀತ. ಲಾಯ್ಡ್ ಟ್ರಾಟ್‌ಮನ್ ನುಡಿಸಿದ ಬೇಸ್ ವಾದ್ಯದ ಮಂದ್ರ ಸ್ವರಗಳು ಒಂಟಿಯಾಗಿ ನಡೆದುಬರುತ್ತವೆ. ಕೆಲವೇ ಕ್ಷಣಗಳಲ್ಲಿ ಹಾಡು ಯಾವುದೆಂದು ತಿಳಿದುಬಿಡುತ್ತದೆ. ಕೊನೆಯವರೆಗೂ ತಿರುಗುವುದು ನಾಲ್ಕೇ ಸ್ವರಮೇಳಗಳು. ಆದುದರಿಂದ ಗಿಟಾರ್ ಕಲಿಯುವ ಹುಡುಗನೂ ಇದನ್ನು ಬೇಗನೆ ನುಡಿಸಬಲ್ಲ. ನಡುವೆ ಏರಿಬರುವ ಪಿಟೀಲುಗಳ ಅಲೆ ಸ್ಟಾನ್ ಆಪಲ್‌ಬಾಮ್ ಅವರ ಸಂಯೋಜನೆ. ನಮ್ಮ ಅಭಿಪ್ರಾಯದಲ್ಲಿ, ಈ ಸರಳತೆಯೇ 400ಕ್ಕೂ ಹೆಚ್ಚು ಪುನರ್ಗಾಯನಗಳಿಗೆ ದಾರಿ ಮಾಡಿಕೊಟ್ಟಿತು. ಮುಷ್ಟಿಯೋಧ ಮುಹಮ್ಮದ್ ಅಲಿ, ಕ್ಯಾಸಿಯಸ್ ಕ್ಲೇ ಎಂಬ ಹೆಸರಿದ್ದ ದಿನಗಳಲ್ಲಿ, ಇದನ್ನು ಹಾಡಿ ಧ್ವನಿಮುದ್ರಿಸಿದ್ದುಂಟು! ಜಾನ್ ಲೆನನ್ 1975ರಲ್ಲಿ ಹಾಡಿದ್ದು ಬೇರೆಯೇ ಬಗೆಯದು. ಅಲ್ಲಿ ಕೋರಿಕೆಗಿಂತ ಹಟ ಹೆಚ್ಚು.

ಕಿಂಗ್ ಅವರ ಮೂಲ ಧ್ವನಿಮುದ್ರಣವೇ ಎರಡನೆಯ ಬಾರಿ ಜಯಿಸಿದ್ದು ಮಾತ್ರ ಅಪರೂಪದ ಸಂಗತಿ. 1986ರಲ್ಲಿ ರಾಬ್ ರೈನರ್ ನಿರ್ದೇಶಿಸಿದ ಅದೇ ಹೆಸರಿನ ಚಲನಚಿತ್ರ ನಾಲ್ವರು ಬಾಲಕರ ಸ್ನೇಹದ ಕಥೆ. ನಾಯಕ-ನಾಯಕಿಯರ ಪ್ರೇಮ ಅದರಲ್ಲಿಲ್ಲ. ಆದರೂ ಹಾಡು ಅಲ್ಲಿ ಹೊಂದಿಕೊಂಡಿತು. ಅಮೆರಿಕದ ಪಟ್ಟಿಯಲ್ಲಿ ಮತ್ತೆ ಒಂಬತ್ತನೆಯ ಸ್ಥಾನಕ್ಕೇರಿತು. 1961ರಲ್ಲಿ ಇಪ್ಪತ್ತೇಳನೆಯ ಸ್ಥಾನಕ್ಕೆ ನಿಂತಿದ್ದ ಬ್ರಿಟನ್ನಿನಲ್ಲಿ, ಜೀನ್ಸ್ ಜಾಹೀರಾತೊಂದರ ನೆರವೂ ಒದಗಿ, 1987ರಲ್ಲಿ ಮೊದಲನೆಯದಾಯಿತು. ಆಗ ಗಾಯಕರಿಗೆ 48 ವರ್ಷ.

2015ರ ಮಾರ್ಚ್‌ನಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಈ ಧ್ವನಿಮುದ್ರಣವನ್ನು ತನ್ನ ರಾಷ್ಟ್ರೀಯ ಸಂರಕ್ಷಣಾ ಪಟ್ಟಿಗೆ ಸೇರಿಸಿತು. ಏಪ್ರಿಲ್ 30ರಂದು ಕಿಂಗ್ ನಿಧನರಾದರು. ಮೂರು ವರ್ಷಗಳ ನಂತರ, 2018ರ ಮೇ 19ರಂದು, ವಿಂಡ್ಸರ್‌ನ ಸೇಂಟ್ ಜಾರ್ಜ್ ಚಾಪೆಲ್‌ನಲ್ಲಿ ರಾಜಕುಮಾರ ಹ್ಯಾರಿ ಮತ್ತು ಮೇಗನ್ ಮಾರ್ಕಲ್ ಅವರ ವಿವಾಹದಲ್ಲಿ, ಕ್ಯಾರನ್ ಗಿಬ್ಸನ್ ನೇತೃತ್ವದ ಗಾಸ್ಪೆಲ್ ಗಾಯಕವೃಂದ ಇದನ್ನು ಹಾಡಿತು.