ತೋಳಿನೊಳಗಣ ಮೂರು ಹುರಿ

ಕನ್ನಡದಲ್ಲಿ ನರವೆಂಬ ಮಾತಿಗಿರುವಷ್ಟು ಔದಾರ್ಯ ದೇಹದ ಬೇರೆ ಯಾವ ಅಂಗದ ಹೆಸರಿಗೂ ಇದ್ದಂತೆ ತೋರದು. ಮುಂಗೈಯ ಮೇಲೆ ನೀಲವಾಗಿ ಉಬ್ಬಿನಿಂತ ರಕ್ತನಾಳವೂ ನರವೇ. ಮುಷ್ಟಿ ಬಿಗಿದಾಗ ಮಣಿಕಟ್ಟಿನಲ್ಲಿ ತಂತಿಯಂತೆ ಸೆಟೆದೇಳುವ ಕಂಡರವೂ ನರವೇ. ಮೊಣಕೈ ಬಾಗಿಲ ಚೌಕಟ್ಟಿಗೆ ತಾಗಿದಾಗ ಕಿರುಬೆರಳಿನ ತುದಿಯವರೆಗೂ ಜುಮ್ಮೆಂದು ಹರಿಯುವ ಆ ವಿಲಕ್ಷಣ ವೇದನೆಗೆ ಕಾರಣವಾದ ತಂತುವೂ ನರವೇ. ಶಾಲೆಯ ಪಠ್ಯಪುಸ್ತಕ ಈ ಮೂರನ್ನೂ ಬೇರ್ಪಡಿಸಿ ನರವೆಂಬ ಹೆಸರನ್ನು ಮೂರನೆಯದಕ್ಕೆ ಮಾತ್ರ ಮೀಸಲಿಟ್ಟಿದ್ದರೂ, ರಟ್ಟೆನೋವಿಗೆ ಎಣ್ಣೆ ನೀವಿಸಿಕೊಳ್ಳಲು ಜಗಲಿಯ ಮೇಲೆ ಕುಳಿತ ಹಿರಿಯರು "ನರ ಹಿಡಿದಿದೆ" ಎಂದಾಗ, ಮೂರರಲ್ಲಿ ಯಾವುದೆಂದು ಕೇಳುವ ಎದೆಗಾರಿಕೆ ಮನೆಯಲ್ಲಿ ಯಾರಿಗೂ ಇಲ್ಲ. ಇದನ್ನು ಅಜ್ಞಾನವೆಂದು ನಗುವ ಮುನ್ನ, ಹೀಗೆ ಕರೆದವರು ನಾವು ಮಾತ್ರವಲ್ಲವೆಂಬುದನ್ನೂ, ಈ ಹುರಿಗಳನ್ನು ಒಂದರಿಂದೊಂದು ಬಿಡಿಸಿ ನೋಡುವುದಕ್ಕೆ ಮನುಷ್ಯನಿಗೆ ಎರಡು ಸಾವಿರ ವರ್ಷ ಹಿಡಿಯಿತೆಂಬುದನ್ನೂ, ಆ ಬಿಡಿಸುವ ಕೆಲಸದಲ್ಲಿ ಬಹುಪಾಲು ನಡೆದುದು ತೋಳಿನ ಮೇಲೆಯೇ ಎಂಬುದನ್ನೂ ನೆನೆಯಬೇಕು.

ಗ್ರೀಕರ ನ್ಯೂರಾನ್ ಎಂಬ ಪದಕ್ಕೆ ಮೊದಲಿದ್ದ ಅರ್ಥ ಕಂಡರ, ಬಿಲ್ಲಿನ ಹೆದೆ ಎಂದು. ಅರಿಸ್ಟಾಟಲನಂಥ ಮಹಾಮತಿಯೂ ಆ ಹೆಸರಿನ ಹುರಿಗಳೆಲ್ಲ ಹೃದಯದಿಂದ ಹೊರಡುತ್ತವೆಂದೇ ಬಗೆದಿದ್ದನು. ಕ್ರಿ.ಪೂ. 300ರ ಸುಮಾರಿನಲ್ಲಿ ಅಲೆಗ್ಸಾಂಡ್ರಿಯಾ ಪಟ್ಟಣದಲ್ಲಿ ಮನುಷ್ಯರ ಶವಗಳನ್ನೇ ಸೀಳಿ ನೋಡಿದ ಹೆರೋಫಿಲಸನು, ಮೆದುಳು ಮತ್ತು ಬೆನ್ನುಹುರಿಗಳಿಂದ ಹೊರಟು ಬರುವ ತಂತುಗಳು ಬೇರೆ, ಎಲುಬನ್ನು ಎಳೆಯುವ ಕಂಡರಗಳು ಬೇರೆ ಎಂದು ಮೊದಲಿಗೆ ವಿವೇಚಿಸಿದನು. ಧಮನಿಗಳ ಗತಿ ಇನ್ನೂ ವಿಚಿತ್ರವಾದುದು. ಸತ್ತವನ ಧಮನಿಯನ್ನು ಕೊಯ್ದರೆ ಅದು ಬಹುಮಟ್ಟಿಗೆ ಬರಿದಾಗಿರುವುದರಿಂದ, ಅದರೊಳಗೆ ಸಂಚರಿಸುವುದು ವಾಯುವೆಂದೇ ಆ ಕಾಲದ ಪಂಡಿತರು ತೀರ್ಮಾನಿಸಿದ್ದರು. ಬದುಕಿದ್ದವನ ಧಮನಿಯಿಂದ ರಕ್ತ ಚಿಮ್ಮುವುದನ್ನು ರಣರಂಗದಲ್ಲಿ ದಿನವೂ ಕಂಡಿದ್ದ ಸೈನಿಕನನ್ನು ಯಾರೂ ವಿಚಾರಿಸಲಿಲ್ಲ.

ವಿಚಾರಿಸಿದವನು ಗ್ಯಾಲೆನ್. ಪೆರ್ಗಮಮ್ ನಗರದಲ್ಲಿ ಗ್ಲಾಡಿಯೇಟರುಗಳೆಂಬ ಮಲ್ಲರ ವೈದ್ಯನಾಗಿದ್ದ ಈತನಿಗೆ ಕತ್ತಿಯೇಟು ತಿಂದ ಭುಜಗಳೂ ಹರಿದ ರಟ್ಟೆಗಳೂ ನಿತ್ಯದ ನೋಟವಾಗಿದ್ದುವು. ಜೀವಂತ ಪ್ರಾಣಿಯ ಧಮನಿಯೊಂದನ್ನು ಎರಡೆಡೆ ದಾರದಿಂದ ಬಿಗಿದು, ನಡುವೆ ಕೊಯ್ದು, ಅಲ್ಲಿರುವುದು ರಕ್ತವೇ ಹೊರತು ಗಾಳಿಯಲ್ಲವೆಂದು ತೋರಿಸಿದವನು ಅವನೇ. ಆದರೆ ಅವನ ಕಥೆಗಳಲ್ಲಿ ನನಗೆ ಅತ್ಯಂತ ಪ್ರಿಯವಾದುದು ಪೌಸಾನಿಯಸನೆಂಬ ಸಿರಿಯಾ ದೇಶದ ವಾಗ್ಮಿಯೊಬ್ಬನ ಪ್ರಸಂಗ. ಆತನ ಕೈಯ ಕಿರುಬೆರಳು, ಉಂಗುರದ ಬೆರಳು ಮತ್ತು ನಡುಬೆರಳಿನ ಅರ್ಧಭಾಗ ಸ್ಪರ್ಶಜ್ಞಾನವನ್ನು ಕಳೆದುಕೊಂಡಿದ್ದುವು. ರೋಮಿನ ವೈದ್ಯರು ಆ ಬೆರಳುಗಳಿಗೇ ಲೇಪದ ಮೇಲೆ ಲೇಪವನ್ನು ಬಳಿದು ಸೋತಿದ್ದರು. ಗ್ಯಾಲೆನನು ಬೆರಳನ್ನು ಬಿಟ್ಟು, ಹಿಂದೆ ಎಲ್ಲಿಯಾದರೂ ಪೆಟ್ಟು ಬಿದ್ದುದುಂಟೆ ಎಂದು ಕೇಳಿದನು. ರಥದಿಂದ ಬಿದ್ದು ಬೆನ್ನಿನ ಮೇಲ್ಭಾಗ ಕಲ್ಲಿಗೆ ತಾಗಿದುದು ಆಗ ಹೊರಬಂತು. ಆ ಬೆರಳುಗಳಿಗೆ ಹೋಗುವ ತಂತು ಕುತ್ತಿಗೆಯ ಏಳನೆಯ ಕಶೇರುಕದ ಕೆಳಗಿನಿಂದ ಹೊರಡುತ್ತದೆಂದು ಬಲ್ಲ ಗ್ಯಾಲೆನನು, ಬೆರಳಿಗೆ ಹಚ್ಚುತ್ತಿದ್ದ ಔಷಧವನ್ನೇ ಕತ್ತಿನ ಬುಡಕ್ಕೆ ಹಚ್ಚಿಸಿದನು, ಬೆರಳು ಗುಣವಾಯಿತು. ಔಷಧದ ಮಹಿಮೆಯ ವಿಷಯದಲ್ಲಿ ನಮಗೆ ಸಂದೇಹವಿರಬಹುದು, ಬಾವು ತಾನಾಗಿಯೇ ಇಳಿದಿರಲೂ ಬಹುದು. ಆದರೆ ನೋವಿನ ಮನೆ ಒಂದು ಕಡೆ, ಬಾಗಿಲು ಇನ್ನೊಂದು ಕಡೆ ಎಂಬುದನ್ನು ತೋಳಿನ ಮಾರ್ಗವಾಗಿ ಕಂಡುಕೊಂಡ ಆ ಬುದ್ಧಿಗೆ ಸಂದೇಹವಿಲ್ಲದೆ ನಮಸ್ಕರಿಸಬಹುದು.

ನಮ್ಮ ಸುಶ್ರುತಸಂಹಿತೆ ನಡೆದ ದಾರಿ ಬೇರೆಯದು. ಅದು ಹೇಳುವ ಶವಪರೀಕ್ಷಾವಿಧಾನವನ್ನು ಓದುವಾಗ, ನದೀತೀರದ ತಣ್ಣನೆಯ ಮೌನವೇ ಸುತ್ತ ಕವಿದಂತಾಗುತ್ತದೆ: ವಿಷದಿಂದಾಗಲಿ ದೀರ್ಘರೋಗದಿಂದಾಗಲಿ ಸಾಯದ, ನೂರು ವರ್ಷ ತುಂಬದ ಮನುಷ್ಯನ ದೇಹವನ್ನು ಮುಂಜ, ಕುಶ, ಸೆಣಬುಗಳಿಂದ ಸುತ್ತಿ, ಪಂಜರದಲ್ಲಿಟ್ಟು, ಮರೆಯಾದ ಸ್ಥಳದಲ್ಲಿ ಹರಿಯುವ ನೀರಿನೊಳಗೆ ಕೊಳೆಯಬಿಟ್ಟು, ಏಳು ರಾತ್ರಿಗಳ ಮೇಲೆ ತೆಗೆದು, ಲಾವಂಚ, ಕೂದಲು, ಬಿದಿರುಗಳ ಕುಂಚದಿಂದ ಮೆಲ್ಲಮೆಲ್ಲನೆ ತೀಡುತ್ತ ಚರ್ಮದಿಂದ ಮೊದಲ್ಗೊಂಡು ಒಳಗಿನದೆಲ್ಲವನ್ನೂ ಕಣ್ಣಾರೆ ಕಾಣತಕ್ಕದ್ದು. ಹೀಗೆ ಕಂಡು ಎಣಿಸಿದ ಪೇಶಿಗಳು 500, ಸ್ನಾಯುಗಳು 900, ಸಿರೆಗಳು 700. ಪೇಶಿಗಳಲ್ಲಿ 400 ಕೈಕಾಲುಗಳಿಗೇ ಸೇರಿದುವು. ಇಲ್ಲಿ ಓದುಗರು ಒಂದು ಎಚ್ಚರವನ್ನು ವಹಿಸಬೇಕು. ಇಂದಿನ ಪಠ್ಯಗಳು ಮಾಂಸಖಂಡಕ್ಕೆ ಸ್ನಾಯುವೆನ್ನುತ್ತವೆ. ಸುಶ್ರುತನಿಗೆ ಮಾಂಸಖಂಡವು ಪೇಶಿ, ಸ್ನಾಯುವೆಂದರೆ ದೋಣಿಯ ಹಲಗೆಗಳನ್ನು ಹಗ್ಗ ಕಟ್ಟಿಹಿಡಿದಂತೆ ಸಂಧಿಗಳನ್ನು ಕಟ್ಟಿಹಿಡಿಯುವ ಬಂಧನ. ಪದ ಅದೇ ಉಳಿದು ವಸ್ತು ಜಾರಿಹೋಗಿದೆ.

ಕೊಳೆತ ಮಾಂಸವನ್ನು ಕುಂಚದಿಂದ ತೀಡಿದರೆ ಎಲುಬು, ಸಂಧಿ, ಬಂಧನಗಳು ಚೆನ್ನಾಗಿ ನಿಲ್ಲುತ್ತವೆ. ಮೃದುವಾದ ತಂತುಗಳು ಕರಗಿಹೋಗುತ್ತವೆ. ನರವನ್ನು ಕಂಡರದಿಂದ ಬೇರ್ಪಡಿಸಲು ನಮ್ಮವರಿಗೆ ಆಗದೆ ಹೋದುದಕ್ಕೆ ಬುದ್ಧಿಯ ಕೊರತೆಗಿಂತ ಈ ವಿಧಾನವೇ ಕಾರಣವಾಗಿರಬೇಕೆಂದು ನನಗೆ ತೋರುತ್ತದೆ. ಏಕೆಂದರೆ, ಹುರಿಯನ್ನು ಕಾಣದೆಯೂ ಅದು ತುಂಡಾದರೆ ಏನಾಗುವುದೆಂಬುದನ್ನು ಅವರು ಆಶ್ಚರ್ಯಕರವಾದ ನಿಖರತೆಯಿಂದ ಬಲ್ಲವರಾಗಿದ್ದರು. ಒಂದೊಂದು ತೋಳಿಗೆ ಹನ್ನೊಂದು ಮರ್ಮಗಳು. ಅವುಗಳಲ್ಲಿ ತೋಳಿನ ನಡುವಣ ಊರ್ವಿಗೆ ಗಾಯವಾದರೆ ರಕ್ತಕ್ಷಯದಿಂದ ತೋಳು ಸೊರಗುವುದು. ಎದೆಗೂ ಕಂಕುಳಿಗೂ ನಡುವಣ ಕಕ್ಷಧರಕ್ಕೆ ಗಾಯವಾದರೆ ಪಕ್ಷಾಘಾತ. ಈ ಹನ್ನೊಂದರಲ್ಲಿ ಸೇರದ, ಹೆಗಲಿನ ಹಲಗೆಯ ಅಂಸಫಲಕಕ್ಕೆ ಪೆಟ್ಟಾದರೆ ತೋಳು ಜೋಮುಹಿಡಿದು ಒಣಗುವುದು. ಮೊದಲನೆಯದರಲ್ಲಿ ಧಮನಿಯ ಗಾಯವನ್ನೂ ಎರಡನೆಯದರಲ್ಲಿ ನರದ ಗಾಯವನ್ನೂ ಇಂದಿನ ವೈದ್ಯನು ಒಡನೆ ಗುರುತಿಸಬಲ್ಲನು. ಅಂಗೈ ಬೆರಳುಗಳಿಂದ ತೋಳಿನ ಹಿಂಬದಿಯವರೆಗೆ ವ್ಯಾಪಿಸಿ ಕೈಯ ಕೆಲಸವನ್ನೇ ಕೆಡಿಸುವ ವಿಶ್ವಾಚಿಯೆಂಬ ವ್ಯಾಧಿಯನ್ನು ವರ್ಣಿಸುವಾಗ ಮಾತ್ರ, ಕೆಟ್ಟಿರುವುದು ಕಂಡರವೆಂದೇ ಗ್ರಂಥ ಹೇಳುತ್ತದೆ. ನಮ್ಮ ಹಿರಿಯರ "ನರ ಹಿಡಿದಿದೆ" ಎಂಬ ನಿದಾನಕ್ಕೆ ಇದಕ್ಕಿಂತ ಹಳೆಯ ಆಧಾರ ಬೇಕಿಲ್ಲ.

ಮತ್ತೆ ಯುರೋಪಿಗೆ ಬಂದರೆ, ಅಲ್ಲಿ ಶತಮಾನಗಳ ಕಾಲ ವೈದ್ಯನಿಗೆ ತೋಳೆಂದರೆ ರಕ್ತ ತೆಗೆಯುವ ಸ್ಥಳ, ಅಷ್ಟೆ. ಮೊಣಕೈ ಮಡಿಕೆಯ ಸಿರೆಗಳಿಗೆ ಅರಬ್ಬೀ ವೈದ್ಯರಿಟ್ಟ ಹೆಸರುಗಳೇ ಲ್ಯಾಟಿನ್ ವೇಷ ತೊಟ್ಟು ಇಂದಿಗೂ ಬಸಿಲಿಕ್, ಸೆಫಾಲಿಕ್ ಎಂದು ಉಳಿದಿವೆ. ಪಕ್ಕೆಶೂಲೆಗೆ ಅದೇ ಮಗ್ಗುಲಿನ ತೋಳಿನಿಂದ ರಕ್ತ ಬಿಡಬೇಕೋ ಎದುರು ಮಗ್ಗುಲಿನದರಿಂದಲೋ ಎಂದು ಪಂಡಿತರು ಗ್ರಂಥಗಟ್ಟಲೆ ಕಾದಾಡಿದರು. 1539ರಲ್ಲಿ ಈ ಜಗಳಕ್ಕೆ ತಾನೂ ಒಂದು ಪತ್ರವನ್ನು ಬರೆದು ಇಳಿದವನು ಆಂಡ್ರಿಯಾಸ್ ವೆಸಾಲಿಯಸ್. ಅದಕ್ಕೂ ಮೂರು ವರ್ಷ ಮುಂಚೆ ಲೂವೆನ್ ಪಟ್ಟಣದ ಹೊರಗೆ, ಗೆಳೆಯನೊಡನೆ ವಧಸ್ಥಾನದಲ್ಲಿ ಅಲೆಯುತ್ತಿದ್ದಾಗ, ಹಕ್ಕಿಗಳು ತಿಂದುಳಿದು ಬರೀ ಬಂಧನಗಳಿಂದ ಹಿಡಿದುಕೊಂಡಿದ್ದ ಅಪರಾಧಿಯೊಬ್ಬನ ಅಸ್ಥಿಪಂಜರ ಇವನ ಕಣ್ಣಿಗೆ ಬಿತ್ತು. ಕಂಬವನ್ನೇರಿ ಎಳೆದಾಗ ಹೆಗಲಿನ ಹಲಗೆಗಳು ತೋಳು ಕೈಗಳ ಸಹಿತ ಕಿತ್ತುಬಂದುವು; ಸರಪಣಿಗೆ ಬಿಗಿದಿದ್ದ ಎದೆಗೂಡಿಗಾಗಿ ಅವನು ರಾತ್ರಿ ಮತ್ತೆ ಬಂದನು. ಪಡುವಾದಲ್ಲಿ ಅಧ್ಯಾಪಕನಾದ ಮೇಲೆ, ಕೊಯ್ಯುವ ಕೆಲಸವನ್ನು ಕ್ಷೌರಿಕನಿಗೆ ಬಿಟ್ಟು ತಾನು ಎತ್ತರದ ಪೀಠದಿಂದ ಗ್ಯಾಲೆನನನ್ನು ಪಠಿಸುವ ಸಂಪ್ರದಾಯವನ್ನು ಬಿಟ್ಟು, ತಾನೇ ಕತ್ತಿ ಹಿಡಿದನು. 1543ರಲ್ಲಿ ಬಾಸೆಲಿನಲ್ಲಿ ಅಚ್ಚಾದ ಅವನ ಮಹಾಗ್ರಂಥದಲ್ಲಿ ಇಪ್ಪತ್ತೆಂಟರ ಹರೆಯದ ಗ್ರಂಥಕರ್ತನ ಚಿತ್ರವೊಂದಿದೆ. ಹೃದಯವನ್ನಲ್ಲ, ಮೆದುಳನ್ನಲ್ಲ, ಚರ್ಮ ಸುಲಿದ ಒಂದು ತೋಳನ್ನು ಹಿಡಿದು, ಬೆರಳನ್ನಾಡಿಸುವ ಕಂಡರಗಳನ್ನು ಬಿಡಿಸಿ ತೋರಿಸುತ್ತ ನಮ್ಮನ್ನು ನೇರವಾಗಿ ನೋಡುತ್ತಾನೆ.

ಈ ಭಂಗಿಯೇ 1632ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಮರಳಿ ಕಾಣಿಸಿಕೊಂಡಿತು. ಶಸ್ತ್ರವೈದ್ಯರ ಸಂಘಕ್ಕಾಗಿ, ಆಗಿನ್ನೂ ಇಪ್ಪತ್ತೈದರ ಆಸುಪಾಸಿನಲ್ಲಿದ್ದ ರೆಂಬ್ರಾಂಟನು ಬರೆದ ಡಾಕ್ಟರ್ ಟುಲ್ಪನ ಪಾಠದ ಚಿತ್ರ ಈಗ ಹೇಗ್ ನಗರದ ಮೌರಿಟ್ಸ್‌ಹೌಸ್ ಸಂಗ್ರಹಾಲಯದಲ್ಲಿದೆ. ಮೇಜಿನ ಮೇಲಿರುವವನು ಕಳವಿಗಾಗಿ ಗಲ್ಲಿಗೇರಿದ ಆರಿಸ್ ಕಿಂಟ್. ಬೇಗ ಕೊಳೆಯುವುದಾದುದರಿಂದ ಹೊಟ್ಟೆಯನ್ನು ಮೊದಲು ತೆರೆಯುವುದು ಆ ಕಾಲದ ರೂಢಿ. ಚಿತ್ರದಲ್ಲಿ ಹೊಟ್ಟೆ ಅಖಂಡವಾಗಿದ್ದು ಎಡತೋಳು ಮಾತ್ರ ಬಿಚ್ಚಿಕೊಂಡಿದೆ. ಟುಲ್ಪನು ಬಲಗೈಯ ಚಿಮುಟದಿಂದ ಬೆರಳು ಮಡಿಸುವ ಪೇಶಿಯನ್ನು ಎತ್ತಿಹಿಡಿದಿದ್ದಾನೆ. ಎಡಗೈಯನ್ನು ಎದೆಯೆತ್ತರಕ್ಕೆ ತಂದು, ಆ ಪೇಶಿ ಮಾಡುವ ಕೆಲಸವನ್ನು ತನ್ನ ಬೆರಳುಗಳಿಂದಲೇ ಅಭಿನಯಿಸುತ್ತಿದ್ದಾನೆ. ಸತ್ತ ತೋಳು ಮತ್ತು ಬದುಕಿದ ಕೈ ಒಂದೇ ವಾಕ್ಯದ ಕರ್ತೃ ಕ್ರಿಯೆಗಳಂತೆ ಅಕ್ಕಪಕ್ಕದಲ್ಲಿವೆ. ಸುತ್ತ ನಿಂತವರಲ್ಲಿ ಕೆಲವರ ದೃಷ್ಟಿ ತೋಳಿನ ಮೇಲಿರದೆ ಮುಂದಿನ ದೊಡ್ಡ ಗ್ರಂಥದ ಕಡೆಗಿದೆಯೆಂಬುದನ್ನು ನೋಡಿದಾಗ, ರೆಂಬ್ರಾಂಟನು ತುಸು ತುಂಟನೂ ಆಗಿದ್ದಿರಬೇಕೆನಿಸುತ್ತದೆ.

ಇದಕ್ಕೆ ನಾಲ್ಕು ವರ್ಷ ಹಿಂದೆ, 1628ರಲ್ಲಿ, ಪಡುವಾದಲ್ಲೇ ಓದಿದ್ದ ವಿಲಿಯಂ ಹಾರ್ವಿಯ 72 ಪುಟಗಳ ಗ್ರಂಥ ಫ್ರಾಂಕ್‌ಫರ್ಟಿನಲ್ಲಿ ಪ್ರಕಟವಾಗಿತ್ತು. ರಕ್ತಪರಿಚಲನೆಯ ಆ ಮಹಾಸಿದ್ಧಾಂತಕ್ಕೆ ಅವನು ಕೊಟ್ಟ ಚಿತ್ರಗಳಲ್ಲಿ ಇರುವುದು ಬಟ್ಟೆಯಿಂದ ಬಿಗಿದ ತೋಳೊಂದೇ. ಬಹು ಬಿಗಿಯಾಗಿ ಕಟ್ಟಿದರೆ ಕೈ ಬಿಳಿಚಿ ತಣ್ಣಗಾಗುತ್ತದೆ, ನಾಡಿ ನಿಲ್ಲುತ್ತದೆ. ಏಕೆಂದರೆ ಆಳದ ಧಮನಿಯೂ ಅದುಮಿದೆ. ಕಟ್ಟನ್ನು ತುಸು ಸಡಿಲಿಸಿದರೆ ಕೈ ಕೆಂಪೇರಿ ಸಿರೆಗಳು ಗಂಟುಗಂಟಾಗಿ ಉಬ್ಬುತ್ತವೆ. ಧಮನಿ ತೆರೆದಿದೆ, ಮೇಲಿನ ಸಿರೆ ಮುಚ್ಚಿದೆ. ಆಗ ಉಬ್ಬಿದ ಸಿರೆಯನ್ನು ಒಂದು ಬೆರಳಿನಿಂದ ಒತ್ತಿ, ಇನ್ನೊಂದರಿಂದ ಮೇಲಕ್ಕೆ ನೀವಿದರೆ ಆ ತುಂಡು ಬರಿದಾಗಿಯೇ ಉಳಿಯುತ್ತದೆ. ತಡೆಬಾಗಿಲು ರಕ್ತವನ್ನು ಹಿಂದಕ್ಕೆ ಬಿಡದು. ಧಮನಿಗೂ ಸಿರೆಗೂ ಹೊಕ್ಕುಬಳಕೆಯಿದೆಯೆಂಬ ಈ ತರ್ಕಕ್ಕೆ ಕತ್ತಿ ಬೇಕಾಗಲಿಲ್ಲ.

ಉಳಿದುದು ಮೂರನೆಯ ಹುರಿ. ಕುತ್ತಿಗೆಯಿಂದ ಹೊರಟ ಐದು ನರಮೂಲಗಳು, ಕೂಡಲಿಯಲ್ಲಿ ತುಂಗೆ ಭದ್ರೆಗಳು ಬೆರೆಯುವಂತೆ ಬೆರೆತು, ಆದರೆ ನದಿಗಳಂತೆ ಬೆರೆತೇ ಇರದೆ ಮತ್ತೆ ಕವಲೊಡೆದು, ಮತ್ತೆ ಕೂಡಿ, ಕಂಕುಳಿನ ಧಮನಿಯ ಸುತ್ತ ಹೆಣೆದುಕೊಂಡು, ಕೊನೆಗೆ ಐದು ಮುಖ್ಯ ನರಗಳಾಗಿ ತೋಳಿಗಿಳಿಯುತ್ತವೆ. ಈ ಜಾಲದ ಮೇಲ್ಭಾಗ ಕೆಟ್ಟರೆ ಹೆಗಲು ಜೋತುಬೀಳುವುದನ್ನು 19ನೆಯ ಶತಮಾನದಲ್ಲಿ ಫ್ರಾನ್ಸಿನ ಡುಷೆನ್ ಮತ್ತು ಜರ್ಮನಿಯ ಎರ್ಬ್ ಗುರುತಿಸಿದರು. ಕೆಳಭಾಗ ಕೆಟ್ಟರೆ ಹಸ್ತದ ಸಣ್ಣ ಪೇಶಿಗಳು ಸೋಲುವುದಲ್ಲದೆ ಅದೇ ಮಗ್ಗುಲಿನ ಕಣ್ಣಿನ ಪಾಪೆಯೂ ಕಿರಿದಾಗುವುದೆಂದು 1885ರಲ್ಲಿ ವಿವರಿಸಿದವಳು ಆಗಸ್ಟಾ ಕ್ಲುಂಪ್ಕೆ. ಅಮೆರಿಕದಲ್ಲಿ ಹುಟ್ಟಿ, ಹೆಂಗಸರಿಗೆ ಆಸ್ಪತ್ರೆಯ ಬಾಗಿಲು ತೆರೆಯಲೊಲ್ಲದಿದ್ದ ಪ್ಯಾರಿಸಿನಲ್ಲಿ ಹಟದಿಂದ ವೈದ್ಯಳಾದವಳು. ಪೌಸಾನಿಯಸನ ಬೆರಳುಗಳು ಸೇರಿದ್ದುದು ಈ ಕೆಳಭಾಗಕ್ಕೇ.

ಕಲ್ಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿ 1836ರಲ್ಲಿ ಮಧುಸೂದನ ಗುಪ್ತರು ಶವಚ್ಛೇದನಕ್ಕೆ ಕೈಹಾಕಿದಂದಿನಿಂದ ಈ ವಿದ್ಯೆ ಹೊಸ ವೇಷದಲ್ಲಿ ನಮ್ಮಲ್ಲಿಗೂ ಬಂತು. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ಆಮೇಲೆ ಮೈಸೂರಿಗೆ ಹೋದ ಕಾಲೇಜಿನಿಂದ ಎಷ್ಟೋ ತಲೆಮಾರಿನ ಕನ್ನಡಿಗರು ಆ ಹೆಣಿಗೆಯನ್ನು ಕಂಠಪಾಠ ಮಾಡಿ ಹೊರಬಿದ್ದಿದ್ದಾರೆ. ಆದರೂ ಮೊನ್ನೆ ರಕ್ತಪರೀಕ್ಷೆಗೆಂದು ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿದ್ದೆ. ದಾದಿ ಅವರ ರಟ್ಟೆಗೆ ರಬ್ಬರಿನ ಪಟ್ಟಿಯನ್ನು ಬಿಗಿದು, ಹಾರ್ವಿಯ ಚಿತ್ರದಲ್ಲಿರುವಂತೆಯೇ ಮುಷ್ಟಿ ಹಿಡಿಸಿ, ಮೊಣಕೈ ಮಡಿಕೆಯನ್ನು ಬೆರಳಿನಿಂದ ತಟ್ಟುತ್ತಿದ್ದಳು. "ನರ ಸಿಕ್ಕಿತೇನಮ್ಮ?" ಎಂದರು ಹಿರಿಯರು. "ಸಿಕ್ತು ಅಜ್ಜ, ನಿಮ್ಮ ನರ ಸ್ವಲ್ಪ ಒಳಗಿದೆ" ಎಂದು ಸೂಜಿಯನ್ನು ಸಿರೆಗೆ ಸರಿಯಾಗಿ ಚುಚ್ಚಿದಳು.